ವಿಂದಾಲೂನಲ್ಲಿ ಆಲೂ ಯಾಕಿಲ್ಲ?

ಬಾಳೆಲೆ: ನಿನ್ನೆ ಒಂದು ಹೋಟೆಲಲ್ಲಿ ವಿಂದಾಲೂ ಅನ್ನೋ ಗೋವಾದ ಖಾರದ ಮಾಂಸದಡುಗೆ ತರಿಸಿದೆ. ತುಂಬಾ ಆಲೂಗಡ್ಡೆ ಇತ್ತು. ಜೊತೆಗಿದ್ದ ಗೋವಾದ ಗೆಳೆಯ ತಟ್ಟೆ ನೋಡಿ ನಕ್ಕು, ಇದಕ್ಕೂ ಆಲೂಗೂ ಸಂಬಂಧವೇ ಇಲ್ಲ ಮಾರಾಯ, ಅದು ಪೋರ್ಚುಗೀಸ್ ಪದ ಅಂದ. ಹೆಸರಲ್ಲೇ ಆಲೂ ಇದೆ ಅಲ್ವಾ? ಯಾರಾದರೂ ಬಿಡಿಸಿ ಹೇಳುತ್ತೀರಾ?

ಪದಹುಚ್ಚ: ಗೆಳೆಯ ಹೇಳಿದ್ದು ಸರಿ. ಮೂಲ ಹೆಸರು 'ಕಾರ್ನೆ ದೆ ವಿಞ ದಾಲ್ಯುಶ್'. ಕಾರ್ನೆ ಅಂದರೆ ಮಾಂಸ, ವಿಞ ಅಂದರೆ ಇಲ್ಲಿ ವೈನು, ಆಲ್ಯು ಅಂದರೆ ಬೆಳ್ಳುಳ್ಳಿ, ಆಲ್ಯುಶ್ ಅದರ ಬಹುವಚನ. ನಡುವೆ 'ದೆ', ಅಂದರೆ ನಮ್ಮ 'ಇನ'. ದೆ + ಆಲ್ಯುಶ್ = ದಾಲ್ಯುಶ್. ಊರು + ಅಲ್ಲಿ = ಊರಲ್ಲಿ ಆಗುತ್ತದಲ್ಲ, ಹಾಗೇ, ಶುದ್ಧ ಲೋಪಸಂಧಿ! ವೈನು, ಬೆಳ್ಳುಳ್ಳಿಯಲ್ಲಿ ನೆನೆಸಿಟ್ಟ ಮಾಂಸ ಬೇಗ ಕೆಡುವುದಿಲ್ಲ, ಅದಕ್ಕೇ ಈ ಅಡುಗೆ. ಪೋರ್ಚುಗಲ್ಲಿನ ಮದೈರಾ ದ್ವೀಪದಲ್ಲಿ ಈಗಲೂ ಕ್ರಿಸ್ಮಸ್‌ಗೆ ಮಾಡುತ್ತಾರೆ. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು, ಆಮೇಲೆ ಇಲ್ಲಿ ವೈನಿನ ಜಾಗಕ್ಕೆ ತೆಂಗಿನ ಕಳ್ಳಿನ ವಿನೆಗರ್ ಬಂತು, ಅವರೇ ಅಮೆರಿಕ ಖಂಡದಿಂದ ತಂದ ಮೆಣಸಿನಕಾಯಿಯೂ ಸೇರಿತು. ಇವತ್ತಿನ ಆ ಕೆಂಪು, ಖಾರ ಎಲ್ಲ ಅದರದ್ದೇ.

ಸುಮ್ನೆ_ಒಬ್ಬ: ಒಂದು ತಕರಾರು. ಇವತ್ತಿನ ಪೋರ್ಚುಗೀಸಿನಲ್ಲಿ ವಿಞ ಅಂದರೆ ದ್ರಾಕ್ಷಿತೋಟ. ವೈನಿಗೆ ವಿಞು ಅನ್ನಬೇಕು. ಅಕ್ಷರಶಃ ತಗೊಂಡರೆ ಬೆಳ್ಳುಳ್ಳಿಯ ದ್ರಾಕ್ಷಿತೋಟ ಆಗುತ್ತೆ!

ಪದಹುಚ್ಚ: ನಿಜ. ಆದರೆ ಹೆಸರಿನ ಹಿಂದಿರುವುದು ವೈನೇ, ತೋಟವಲ್ಲ. ಮದೈರಾದಲ್ಲಿ 'ವಿಞು ಇ ಆಲ್ಯುಶ್' ಅಂತಲೂ ಹೇಳುತ್ತಾರೆ, ಅಂದರೆ ವೈನು ಮತ್ತು ಬೆಳ್ಳುಳ್ಳಿ. ಅಂತೂ ನಮ್ಮ ಞಕ್ಕೆ ಒಂದು ಕೆಲಸ ಸಿಕ್ಕಿತು, ವರ್ಣಮಾಲೆಯಲ್ಲಿ ಪಾಪ ಸುಮ್ನೆ ಕೂತಿತ್ತು.

ಕುಡ್ಲದವಳು: ಗೋವಾದವರು ರೋಮನ್ ಅಕ್ಷರದಲ್ಲಿ ಈಗಲೂ 'ವಿಂದಾಲ್ಯು' ಅಂತಲೇ ಬರೆಯುವುದುಂಟು. ಆ 'ಲ್ಯು' ಹೊರಗಿನವರ ಬಾಯಲ್ಲಿ 'ಲೂ' ಆಯಿತು, ಹಿಂದಿ ಗೊತ್ತಿದ್ದವರಿಗೆ ಅದರಲ್ಲಿ ಆಲೂ ಕೇಳಿಸಿತು, ಅಡುಗೆಯವರು ಆಲೂಗಡ್ಡೆ ಹೆಚ್ಚಿ ಹಾಕಿಯೇ ಬಿಟ್ಟರು. ತಮಾಷೆ ಏನೆಂದರೆ ನಮ್ಮ ಕರಾವಳಿಯ ಬಟಾಟೆ ಇದೆಯಲ್ಲ, ಅದು ಪೋರ್ಚುಗೀಸ್ 'ಬತಾತ'. ಅವರು ಆಲೂಗಡ್ಡೆಯ ಹೆಸರೇ ಇಟ್ಟಿದ್ದರೆ ನೀವು ನಿನ್ನೆ 'ವಿಂದಬಟಾಟೆ' ತಿನ್ನಬೇಕಿತ್ತು.

ಬಾಳೆಲೆ: ಹ್ಹಹ್ಹ, ಗೆಳೆಯನಿಗೆ ಈಗಲೇ ಕಳಿಸಿದೆ. ಆದರೆ ಆಲೂಗಡ್ಡೆ ಮಾತ್ರ ರುಚಿಯಾಗಿತ್ತು, ಅದನ್ನು ಅವನಿಗೆ ಹೇಳಿಲ್ಲ.