ಅಪ್‌ಡೇಟ್: ಮಿಡ್ ಮೋಟರ್ ಚಾಸಿಯನ್ನೇ ತಗೊಂಡೆ

ನನ್ನ 1/10 (ನಿಜ ಕಾರಿನ ಹತ್ತನೇ ಒಂದು ಅಳತೆಯ) ಟೂ-ವೀಲ್ ಡ್ರೈವ್ ರಿಮೋಟ್ ಕಂಟ್ರೋಲ್ ಬಗ್ಗಿಗೆ, ಅಂದ್ರೆ ಹಿಂದಿನ ಎರಡು ಚಕ್ರಗಳಿಂದ ಓಡುವ ಪುಟ್ಟ ರೇಸ್ ಕಾರಿಗೆ, ಮೋಟರ್ ಹಿಂದಿನ ಆಕ್ಸಲ್‌ಗಿಂತ ಮುಂದೆ ಇರಬೇಕಾ, ಹಿಂದೆ ಇರಬೇಕಾ ಅಂತ ಕೇಳಿದ್ದೆನಲ್ಲ, ನಿಮ್ಮಲ್ಲಿ ಜಾಸ್ತಿ ಜನ ಹೇಳಿದಂತೆ ಮೋಟರ್ ಆ ಆಕ್ಸಲ್‌ಗಿಂತ ಮುಂದಿರುವ ಮಿಡ್ ಮೋಟರ್ ಚಾಸಿ (ಕಾರಿನ ತಳಕಟ್ಟು) ತಗೊಂಡೆ. ಕಾರ್ಪೆಟ್ ಟ್ರ್ಯಾಕ್‌ನಲ್ಲಿ ಭಾರಿ ಮಜಾ. ತಿರುವಿನಲ್ಲಿ ಮೂತಿ ಹೇಳಿದ ಕಡೆ ತಿರುಗುತ್ತದೆ.

ಒಣ ಮಣ್ಣಿನಲ್ಲಿ ಬೇರೆಯೇ ಕಥೆ. ರಿಮೋಟ್‌ನ ಟ್ರಿಗರ್ ಎಳೆದ ತಕ್ಷಣ ಹಿಂದಿನ ಚಕ್ರಗಳು ಸುಮ್ನೆ ತಿರುಗಿ ಧೂಳೆಬ್ಬಿಸುತ್ತವೆ. ಹಿಂದೆ ಭಾರ ಕಡಿಮೆ ಅಲ್ವಾ. ಶಾರ್ಟಿ ಲಿಪೋ ಬ್ಯಾಟರಿಯನ್ನು (ಉದ್ದ ಕಡಿಮೆಯಿರುವ ಲಿಥಿಯಂ ಪಾಲಿಮರ್ ಬ್ಯಾಟರಿ) ಹಿಂದಕ್ಕೆ, ಮೋಟರ್ ಕಡೆಗೆ ಸರಿಸಿ, ಅದು ಜಾರದಂತೆ ಮುಂದಿನ ಖಾಲಿ ಜಾಗಕ್ಕೆ ಫೋಮ್ ತುಂಡು ತುರುಕಿದೆ. ಸ್ವಲ್ಪ ಹಿಡಿತ ಬಂತು, ಸಾಲದು. 1984ರ ಆರ್‌ಸಿ10 ಅನ್ನೋ ಹಳೇ ಬಗ್ಗಿಯಲ್ಲಿ ಮೋಟರ್ ಬಾಲದಲ್ಲಿ, ಹಿಂದಿನ ಆಕ್ಸಲ್‌ಗಿಂತ ಹಿಂದೆ ಇತ್ತು, ಹಾಗಾಗಿ ಹಿಂದಿನ ಚಕ್ರಗಳ ಮೇಲೆ ಭಾರ ಜಾಸ್ತಿ. ಆಗ ಓಡಿಸುತ್ತಿದ್ದದ್ದು ಹೆಚ್ಚಾಗಿ ಮಣ್ಣಿನಲ್ಲೇ ತಾನೆ!

ಮುಂದಿನ ವಾರ ಹಿಂಬದಿಗೆ ಮೆತ್ತನೆ ಸ್ಪ್ರಿಂಗ್ ಹಾಕಿ ನೋಡುತ್ತೇನೆ. ಹಿಂದೆ ಭಾರ ಹೆಚ್ಚಿಸಲು ಹಿತ್ತಾಳೆ ತೂಕ ಎಲ್ಲಿ ಕೂರಿಸುವುದು, ಗೊತ್ತಿದ್ದವರು ಹೇಳಿ.