‘ಮದುವೆಗೆ ಬನ್ನಿ’ ಅನ್ನಲು ಇಂಗ್ಲಿಷಿನಲ್ಲಿ ಟು, ಫಾರ್, ಆನ್, ಅಟ್: ಯಾವುದು ಎಲ್ಲಿ?

ಪ್ರಶ್ನೆ (ಬದಿಯಡ್ಕದಿಂದ):
ಟೀಚರ್, ಡಿಸೆಂಬರ್ 14, ಭಾನುವಾರ ತಂಗಿಯ ಮದುವೆ. ಕಾಗದ ಕನ್ನಡದಲ್ಲಿ ಪ್ರಿಂಟ್ ಆಗಿದೆ. ಆಫೀಸಿನವರಿಗೆ ಮಾತ್ರ ಇಂಗ್ಲಿಷಿನಲ್ಲಿ ವಾಟ್ಸಾಪ್ ಮಾಡಬೇಕು. ಹೀಗೆ ಬರೆದೆ: “ಐ ಇನ್ವೈಟ್ ಯು ಫಾರ್ ಮೈ ಸಿಸ್ಟರ್ಸ್ ವೆಡ್ಡಿಂಗ್ ಅಟ್ ಸಂಡೇ, ಬಿಟ್ವೀನ್ 11.15 ಟು 11.45, ಇನ್ ದಿ ಆಡಿಟೋರಿಯಂ, ಅಟ್ ಕಾಸರಗೋಡ್. ಕಮ್ ಟು ಹೋಮ್ ಆಲ್ಸೋ.” ಎಲ್ಲೋ ತಪ್ಪಿದೆ, ಎಲ್ಲಿ ಅಂತ ಗೊತ್ತಾಗುತ್ತಿಲ್ಲ.

ಉತ್ತರ (ಇಂಗ್ಲಿಷ್ ಟೀಚರ್):
ತಂಗಿಗೆ ಶುಭಾಶಯ. ತಪ್ಪಿನ ಮೂಲ ನಮ್ಮ ‘ಗೆ’ಯಲ್ಲಿದೆ. ಮದುವೆಗೆ, ಹನ್ನೊಂದು ಗಂಟೆಗೆ, 14ನೇ ತಾರೀಕಿಗೆ, ಊಟಕ್ಕೆ. ಎಲ್ಲ ಕೆಲಸವನ್ನೂ ಅದೊಂದೇ ಮಾಡುತ್ತದೆ. ತುಳುವಿನ ‘ಮದಿಮೆಗ್’, ಮಲಯಾಳದ ‘ಕಲ್ಯಾಣತ್ತಿನ್’, ‘ಮಣಿಕ್ಕ್’ ಕೂಡ ಹಾಗೇ. ಹಾಗಾಗಿ ಕಾಸರಗೋಡಿನಲ್ಲಿ ಯಾವ ಭಾಷೆಯಲ್ಲಿ ಯೋಚಿಸಿದರೂ ಈ ಗೊಂದಲ ತಪ್ಪುವುದಿಲ್ಲ. ಇಂಗ್ಲಿಷ್ ಆ ಕೆಲಸವನ್ನು ನಾಲ್ಕು ಜನರಿಗೆ ಹಂಚಿದೆ.

ಕರೆಯುವುದು ಸಮಾರಂಭಕ್ಕಾದರೆ ‘ಟು’: ಇನ್ವೈಟ್ ಯು ಟು ದಿ ವೆಡ್ಡಿಂಗ್. ವಾರ, ತಾರೀಕು ಬಂದರೆ ‘ಆನ್’. ಗಡಿಯಾರದ ಹೊತ್ತಿಗೆ ‘ಅಟ್’. ತಿಂಗಳು, ವರ್ಷ ಮಾತ್ರ ಹೇಳುವಾಗ ‘ಇನ್’. ನಾನು ಕಲಿಸುತ್ತಿದ್ದಾಗ ಮಕ್ಕಳ ನೋಟ್‌ಬುಕ್ಕಿನಲ್ಲಿ ಜಾಸ್ತಿ ಕೆಂಪು ಗೆರೆ ಬೀಳುತ್ತಿದ್ದದ್ದು ‘ಅಟ್ ಸಂಡೇ’ಗೇ!

ಮುಹೂರ್ತದ ಸಾಲನ್ನು ಮಾತ್ರ ದಯವಿಟ್ಟು ಸರಿಮಾಡಿ. ‘ಬಿಟ್ವೀನ್’ ಬಂದರೆ ನಡುವೆ ‘ಅಂಡ್’ ಬರಬೇಕು. ‘ಟು’ ಬೇಕಿದ್ದರೆ ಮೊದಲು ‘ಫ್ರಮ್’ ಹಾಕಿ. ಎರಡನ್ನೂ ಬೆರೆಸಿದ ಕಾಗದ ನಮ್ಮ ಕಡೆ ಎಷ್ಟೋ ಬರುತ್ತವೆ.

ಜಾಗದ ವಿಷಯದಲ್ಲಿ ನೀವು ಅದಲುಬದಲು ಮಾಡಿದ್ದೀರಿ. ‘ಇನ್ ದಿ ಆಡಿಟೋರಿಯಂ’ ಅಂದರೆ ಕಟ್ಟಡದ ಒಳಗೆ ಎಂಬ ಒತ್ತು ಬರುತ್ತದೆ. ಸಮಾರಂಭದ ಸ್ಥಳಕ್ಕೆ ‘ಅಟ್’ ಸಾಕು, ಊರಿಗೆ ‘ಇನ್’. ಬರೀ ‘ಹೋಮ್’ ಹಿಂದೆ ‘ಟು’ ಬೇಡವೇ ಬೇಡ. ಆದರೆ ‘ಕಮ್ ಹೋಮ್’ ಮನೆಯವರಿಗೆ ಹೇಳುವ ಮಾತು, ಅತಿಥಿಗಳಿಗೆ ‘ಕಮ್ ಟು ಅವರ್ ಹೌಸ್’ ಅನ್ನಿ.

ಇನ್ನೊಂದು ಮಾತು. ಗೆಳೆಯರಿಗೆ ‘ಐ ಇನ್ವೈಟ್ ಯು’ ಬಿಗಿಯಾಗಿ ಕೇಳಿಸುತ್ತದೆ. ‘ಪ್ಲೀಸ್ ಕಮ್ ಟು ಮೈ ಸಿಸ್ಟರ್ಸ್ ವೆಡ್ಡಿಂಗ್’ ಅಂದರೆ ಕೈ ಹಿಡಿದು ಕರೆದ ಹಾಗೆ.

ಪ್ರಶ್ನೆ (ಉಪ್ಪಳದಿಂದ):
ಊಟಕ್ಕೆ ಕರೆಯುವಾಗ ‘ಟು ಲಂಚ್’ ಅನ್ನಬೇಕಾ, ‘ಫಾರ್ ಲಂಚ್’ ಅನ್ನಬೇಕಾ? ಮತ್ತೆ ಹುಡುಗಿಯ ಹೆಸರಾದ ಮೇಲೆ ‘ವಿತ್’ ಹಾಕಿ ಹುಡುಗನ ಹೆಸರು ಬರೆಯುತ್ತಾರಲ್ವಾ?

ಉತ್ತರ:
‘ಇನ್ವೈಟ್’ ಜೊತೆ ಎರಡೂ ನಡೆಯುತ್ತವೆ. ‘ಕಮ್’ ಜೊತೆ ‘ಫಾರ್ ಲಂಚ್’ ಸಲೀಸು. ‘ವಿತ್’ ನಮ್ಮ ‘ಜೊತೆ’ಯಿಂದ ಬಂದದ್ದು. ಅಚ್ಚಾದ ಕಾಗದದಲ್ಲಿದ್ದರೆ ಇರಲಿ ಬಿಡಿ, ಅದಕ್ಕಾಗಿ ಹಿರಿಯರ ಜೊತೆ ವಾದ ಬೇಡ. ಆದರೆ ನೀವೇ ಬರೆಯುವಾಗ ‘ಮ್ಯಾರೀಡ್ ಟು’ ಅನ್ನಿ, ಅಥವಾ ಎರಡು ಹೆಸರ ನಡುವೆ ‘ಅಂಡ್’ ಹಾಕಿ.

ಪ್ರಶ್ನೆ (ಕುಂಬಳೆಯಿಂದ):
“10ನೇ ತಾರೀಕಿನೊಳಗೆ ತಿಳಿಸಿ” ಅನ್ನಲು ‘ವಿದಿನ್ 10 ಡಿಸೆಂಬರ್’ ಸರಿಯಾ?

ಉತ್ತರ:
ಅಲ್ಲ, ‘ಬೈ 10 ಡಿಸೆಂಬರ್’. ‘ವಿದಿನ್’ ಎಷ್ಟು ದಿನ ಅನ್ನುವುದಕ್ಕೆ: ವಿದಿನ್ ಟೆನ್ ಡೇಸ್. ‘ಅಂಟಿಲ್’ ಕೂಡ ಹಾಕಬೇಡಿ, ಅದು ನಮ್ಮ ‘ವರೆಗೆ’.

ಬದಿಯಡ್ಕದವರು:
ತಿದ್ದಿದೆ ಟೀಚರ್: “ಪ್ಲೀಸ್ ಕಮ್ ಟು ಮೈ ಸಿಸ್ಟರ್ಸ್ ವೆಡ್ಡಿಂಗ್ ಆನ್ ಸಂಡೇ ಇನ್ ದಿ ಮಾರ್ನಿಂಗ್...”

ಉತ್ತರ:
‘ಇನ್ ದಿ’ ತೆಗೆಯಿರಿ. ವಾರ ಜೊತೆಗಿದ್ದರೆ ‘ಆನ್ ಸಂಡೇ ಮಾರ್ನಿಂಗ್’ ಅಷ್ಟೇ. ಇನ್ನು ಕಳಿಸಿಬಿಡಿ.