ಬಾದಾಮಿಯಿಂದ ಒಂದು ದಿನ: ಗುಡಿಗಳಿಗೂ ಮಗ್ಗಗಳಿಗೂ ಸಮಯ ಹೊಂದಿಸುವುದು ಹೇಗೆ?

ದಾರಿಹೋಕಳು (ಪ್ರಶ್ನೆ):
ಮುಂದಿನ ತಿಂಗಳು ತಾಯಿಯವರೊಂದಿಗೆ ಬಾದಾಮಿಗೆ ಹೋಗಲಿದ್ದೇನೆ. ಗುಹಾಲಯಗಳನ್ನು ಹಿಂದಿನ ದಿನವೇ ನೋಡಿರುತ್ತೇವೆ. ಆಮೇಲೆ ಕೈಯಲ್ಲಿ ಉಳಿಯುವುದು ಒಂದು ಇಡೀ ದಿನ ಮತ್ತು ಒಂದು ಬಾಡಿಗೆ ಕಾರು. ಅಷ್ಟರಲ್ಲಿ ಪಟ್ಟದಕಲ್ಲು, ಐಹೊಳೆ, ಗುಳೇದಗುಡ್ಡದ ಖಣ (ರವಿಕೆ ಬಟ್ಟೆ), ಇಳಕಲ್ಲಿನ ಸೀರೆ ಎಲ್ಲವನ್ನೂ ನೋಡಿ ರಾತ್ರಿ ಬಾದಾಮಿಗೆ ಮರಳಬೇಕೆಂಬುದು ಆಸೆ. ತಾಯಿಯವರ ಮದುವೆಯ ಇಳಕಲ್ ಸೀರೆ ಇನ್ನೂ ಪೆಟ್ಟಿಗೆಯಲ್ಲಿದೆ, ಆದರೆ ಅದನ್ನು ನೇಯುವುದನ್ನು ಅವರು ಒಮ್ಮೆಯೂ ಕಂಡಿಲ್ಲ. ಅವರಿಗೆ ಮೊಣಕಾಲು ನೋವಿರುವುದರಿಂದ ಮೆಟ್ಟಿಲು ಹತ್ತಲಾಗದು. ಅಂಗಡಿಯಲ್ಲಿ ಕುಳಿತು ಸೀರೆ ಬಿಡಿಸಿ ನೋಡುವುದು ನಮಗೆ ಬೇಡ, ಮಗ್ಗವನ್ನೇ ನೋಡಬೇಕು. ಇದು ಸಾಧ್ಯವೇ?

ಶಾಸನಪ್ರಿಯ:
ನಾಲ್ಕನ್ನೂ ನೋಡಿದೆವೆಂದು ಹೇಳಿಕೊಳ್ಳಬಹುದು, ನೋಡಲಾಗದು. ಆ ರಾತ್ರಿ ಎಲ್ಲಿ ಮಲಗುತ್ತೀರಿ ಎಂಬುದನ್ನು ಮೊದಲು ತೀರ್ಮಾನಿಸಿ; ಯಾವ ಮಗ್ಗ ಎಂಬುದು ಅದರಿಂದಲೇ ತೀರ್ಮಾನವಾಗುತ್ತದೆ. ಬಾದಾಮಿಗೇ ಮರಳುವುದಾದರೆ ಪಟ್ಟದಕಲ್ಲು, ಐಹೊಳೆ, ಗುಳೇದಗುಡ್ಡ ಒಂದು ಸುತ್ತಿನಲ್ಲಿ ಸಿಗುತ್ತವೆ. ಇಳಕಲ್ಲಾದರೋ ಐಹೊಳೆಯಿಂದ ಅಮೀನಗಡ, ಹುನಗುಂದ ದಾಟಿ ಇನ್ನೂ ಸುಮಾರು 40 ಕಿಲೋಮೀಟರ್ ಪೂರ್ವಕ್ಕಿದೆ; ಅಲ್ಲಿಂದ ಅದೇ ಸಂಜೆ ಹಿಂದಿರುಗುವುದು ದಣಿವೇ ಹೊರತು ಪ್ರವಾಸವಲ್ಲ.

ಬೆಳಿಗ್ಗೆ ಬೇಗ ಪಟ್ಟದಕಲ್ಲಿಗೆ ಹೋಗಿ. ಬಾದಾಮಿಯಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್, ಆವರಣ ಬಹುಮಟ್ಟಿಗೆ ಸಮತಟ್ಟಾಗಿರುವುದರಿಂದ ತಾಯಿಯವರಿಗೂ ತೊಂದರೆಯಿಲ್ಲ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಗುಡಿಗಳಲ್ಲಿ ವಿರೂಪಾಕ್ಷ ದೇವಾಲಯಕ್ಕೆ ಹೆಚ್ಚು ಹೊತ್ತು ಕೊಡಿ. ಚಾಲುಕ್ಯ ದೊರೆ ಇಮ್ಮಡಿ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿಯಿದು. ಅಲ್ಲಿನ ಶಾಸನಗಳು ರಾಜರಾಣಿಯರನ್ನು ಹೊಗಳಿ ಸುಮ್ಮನಾಗುವುದಿಲ್ಲ, ಗುಂಡ ಅನಿವಾರಿತಾಚಾರಿ ಎಂಬ ಸೂತ್ರಧಾರಿಯನ್ನೂ (ಗುಡಿಯ ಮುಖ್ಯ ಶಿಲ್ಪಿ) ಹೆಸರಿಸಿ ಅವನಿಗೆ ಸಂದ ಗೌರವವನ್ನು ದಾಖಲಿಸುತ್ತವೆ. ಕುಶಲಕರ್ಮಿಗಳನ್ನು ಕಾಣಲು ಹೊರಟವರಿಗೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ತೋಚುತ್ತಿಲ್ಲ.

ಐಹೊಳೆಯಲ್ಲಿ ದುರ್ಗ ಗುಡಿ ಮತ್ತು ಲಾಡಖಾನ್ ಗುಡಿ ಒಂದೇ ಆವರಣದಲ್ಲಿವೆ. ಹಿಂಬದಿ ಗುಂಡಗಿರುವ ಆ ಗುಡಿಗೆ ಹೆಸರು ಬಂದದ್ದು ದುರ್ಗಾದೇವಿಯಿಂದಲ್ಲ, ಕೋಟೆ ಎಂಬ ಅರ್ಥದ ದುರ್ಗದಿಂದ. ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದುದನ್ನು ಹೇಳುವ ರವಿಕೀರ್ತಿಯ 634ರ ಶಾಸನ ಮೇಗುತಿ ಜಿನಾಲಯದಲ್ಲಿದೆ, ಆದರೆ ಅದು ಗುಡ್ಡದ ಮೇಲೆ. ತಾಯಿಯವರನ್ನು ಕೆಳಗೆ ನೆರಳಿನಲ್ಲಿ ಕೂರಿಸಿ ನೀವೊಬ್ಬರೇ ಹತ್ತಿ ಬರಬಹುದು. ಶುಕ್ರವಾರ ಐಹೊಳೆಯ ವಸ್ತುಸಂಗ್ರಹಾಲಯಕ್ಕೆ ರಜೆ.

ಮಗ್ಗದಮನೆ:
ಮೇಲಿನವರ ಲೆಕ್ಕ ಸರಿ, ಆದರೆ ಗುಳೇದಗುಡ್ಡದ ಸುತ್ತನ್ನು ನಾನು ಒಪ್ಪುವುದಿಲ್ಲ. ಪೆಟ್ಟಿಗೆಯಲ್ಲಿರುವುದು ಇಳಕಲ್ ಸೀರೆಯಾದರೆ ಇಳಕಲ್ಲಿಗೇ ಹೋಗಬೇಕು. ಬಾದಾಮಿಯ ಕೋಣೆಯನ್ನು ಬೆಳಿಗ್ಗೆಯೇ ಖಾಲಿ ಮಾಡಿ, ಸಾಮಾನನ್ನು ಕಾರಿನಲ್ಲಿಟ್ಟುಕೊಂಡು, ಹಿಂದಿರುಗದ ದಾರಿಯಲ್ಲಿ ಹೊರಡಿ. ರಾತ್ರಿ ಇಳಕಲ್ಲಿನಲ್ಲೇ ಉಳಿಯಿರಿ. ಅಮೀನಗಡದಲ್ಲಿ ಕರದಂಟಿಗಾಗಿ ಹತ್ತು ನಿಮಿಷ ನಿಲ್ಲುವುದನ್ನು ಯಾರೂ ತಪ್ಪೆನ್ನಲಾರರು.

ಇನ್ನು ಮಗ್ಗದಲ್ಲಿ ಏನು ನೋಡಬೇಕೆಂದರೆ, ಕೊಂಡಿ. ಸಾಂಪ್ರದಾಯಿಕ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದಕ್ಕೆ ಹೂಡುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ: ಒಡಲು ಹತ್ತಿಯದಾದರೂ ಸೆರಗು ಕೆಂಪು ರೇಷ್ಮೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕುಣಿಕೆಯಂತೆ ಸಿಕ್ಕಿಸಿ ಜೋಡಿಸುತ್ತಾರೆ. ಪ್ರತಿ ಸೀರೆಗೂ ಈ ಜೋಡಣೆ ಹೊಸದಾಗಿಯೇ ಆಗಬೇಕಾದ್ದರಿಂದ ಹಲವು ಸೀರೆಗಳಿಗೆ ಒಮ್ಮೆಗೇ ಹಾಸು ಹೂಡುವಂತಿಲ್ಲ. ಸೆರಗಿನಲ್ಲಿ ಬಾಚಣಿಗೆಯ ಹಲ್ಲಿನಂತೆ, ಕೋಟೆಯ ತೆನೆಯಂತೆ ಕಾಣುವ ಬಿಳಿ ಕೆಂಪು ವಿನ್ಯಾಸವೇ ಟೋಪ ತೆನಿ. ದಡಿಗಳಲ್ಲಿ ಗೋಮಿ, ಚಿಕ್ಕಿ, ಗಾಯತ್ರಿ ಎಂಬ ಬಗೆಗಳಿವೆ. ತಾಯಿಯವರದು ಯಾವುದೆಂದು ನೇಕಾರರನ್ನೇ ಕೇಳಿ, ಮಾತು ತಾನಾಗಿ ಬೆಳೆಯುತ್ತದೆ.

ಮಗ್ಗವಿರುವುದು ಸಾಮಾನ್ಯವಾಗಿ ಮನೆಯೊಳಗೆ, ಅದು ಪ್ರದರ್ಶನಶಾಲೆಯಲ್ಲ. ಕೇಳಿಕೊಂಡು ಒಳಗೆ ಹೋಗಿ, ಎಳೆಗಳನ್ನು ಮುಟ್ಟಬೇಡಿ, ಒಂದು ಗಂಟೆಯಾದರೂ ಕುಳಿತುಕೊಳ್ಳಿ. ಕತ್ತಲಾಗುವ ಮುನ್ನ ತಲುಪಬೇಕಾದರೆ ಐಹೊಳೆಯನ್ನು ಮಧ್ಯಾಹ್ನ ಒಂದಕ್ಕೆ ಬಿಡಬೇಕು.

ಶಾಸನಪ್ರಿಯ:
ಒಪ್ಪಿದೆ. ಹಾಗಿದ್ದರೆ ಮೇಗುತಿಯನ್ನು ಕೈಬಿಡಿ; ನನಗೆ ಸಂಕಟವಾದರೂ ಹೇಳುತ್ತಿದ್ದೇನೆ. ಖಣವನ್ನು ಇನ್ನೊಮ್ಮೆ ಬಂದಾಗ ನೋಡಿ. ಹಿಂದಿನ ದಿನ ಬಾದಾಮಿಯಲ್ಲಿ ಸಮಯ ಮಿಕ್ಕರೆ ಐದು ಕಿಲೋಮೀಟರ್ ದೂರದ ಬನಶಂಕರಿಗೆ ಹೋಗಿ ಬನ್ನಿ. ದೇವಾಂಗ ನೇಕಾರರು ಕುಲದೇವತೆಯೆಂದು ನಡೆದುಕೊಳ್ಳುವ ಅಮ್ಮ ಅವಳು. ಪುಷ್ಯ ಮಾಸದ ಜಾತ್ರೆಯ ದಿನಗಳಲ್ಲಾದರೆ ಮಾತ್ರ ಜನಸಂದಣಿಗೆ ಸಿದ್ಧರಾಗಿರಿ.

ದಾರಿಹೋಕಳು:
ಇಬ್ಬರಿಗೂ ಕೃತಜ್ಞತೆಗಳು. ಬಾದಾಮಿಯ ಎರಡನೆಯ ರಾತ್ರಿಯನ್ನು ರದ್ದು ಮಾಡಿ ಇಳಕಲ್ಲಿನಲ್ಲಿ ಕೋಣೆ ಕಾಯ್ದಿರಿಸಿದ್ದೇನೆ. ನಿಮ್ಮ ಉತ್ತರ ಓದಿದ ಮೇಲೆ ಪೆಟ್ಟಿಗೆ ತೆಗೆಸಿ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಒಡಲು ಮುಗಿದು ಸೆರಗು ಶುರುವಾಗುವಲ್ಲಿ ಕೊಂಡಿಯ ಸಾಲು ಸ್ಪಷ್ಟವಾಗಿದೆ. ತಾಯಿಯವರು ಇಷ್ಟು ವರ್ಷ ಅದನ್ನು ಯಾರೋ ಹರಿದದ್ದಕ್ಕೆ ಹಾಕಿದ ಹೊಲಿಗೆ ಎಂದುಕೊಂಡಿದ್ದರಂತೆ. ಈಗ ಸೀರೆಯನ್ನೂ ಜೊತೆಗೆ ತೆಗೆದುಕೊಂಡು ಹೋಗಬೇಕೆಂದು ಹಟ ಹಿಡಿದಿದ್ದಾರೆ.